ರಾಯಚೂರು ಬಿಸಿಲಿನಾಗ ಮನ್ಯಾಗ ಸಮುದ್ರದ ಟ್ಯಾಂಕ್: ಮೊದಲ ಸಲ ಇಡೋರಿಗೆ

ಏಪ್ರಿಲ್ ತಿಂಗಳದಾಗ ರಾತ್ರಿ ಹನ್ನೊಂದಕ್ಕ ನಮ್ಮ ಹಾಲಿನಾಗ ಥರ್ಮಾಮೀಟರ್ 36 ತೋರಸ್ತದ, ಅದೇ ಹಾಲಿನ ಮೂಲ್ಯಾಗ ಇರೋ ಗಾಜಿನ ಟ್ಯಾಂಕಿನಾಗ ಎರಡು ಕ್ಲೌನ್ ಮೀನು ಅವ, ಅವಕ್ಕ ಬೇಕಾಗಿರೋದು 26. ಈ ಹತ್ತು ಡಿಗ್ರಿ ಸಲುವಾಗೇ ನಾನು ಇದನ್ನ ಬರಿಲಿಕ್ಕೆ ಕುಂತಿದ್ದು. ಸಾಲ್ಟ್‌ವಾಟರ್ ಟ್ಯಾಂಕ್ ಹೆಂಗ ಇಡಬೇಕು ಅಂತ ಹೇಳೋ ವಿಡಿಯೋ ಬೇಕಾದಷ್ಟು ಅವ, ಆದ್ರ ಅವೆಲ್ಲ ತಂಪು ಊರಿನಾಗ, ದಿನಪೂರ್ತಿ ಕರೆಂಟ್ ಇರೋ ಮನ್ಯಾಗ, ನಲ್ಲಿ ತಿರುವಿದ್ರ ಸಿಹಿನೀರು ಬರೋ ಕಡೆ ಕುಂತು ಮಾಡಿದ್ದು. ನಮ್ಮ ರಾಯಚೂರು, ಮಾನ್ವಿ, ಸಿಂಧನೂರು, ಆ ಕಡೆ ಕೊಪ್ಪಳ ಬಳ್ಳಾರಿ, ಇಲ್ಲಿ ಲೆಕ್ಕ ಬ್ಯಾರೆ. ಬಿಸಿಲು ಬ್ಯಾರೆ, ಬೋರ್‌ವೆಲ್ ನೀರು ಬ್ಯಾರೆ, ಕರೆಂಟ್ ಬ್ಯಾರೆ.

ನಾನು ಟ್ಯಾಂಕ್ ಇಟ್ಟು ಮೂರು ವರ್ಷ ಆಯ್ತು. ಮೊದಲನೇ ಬ್ಯಾಸಗ್ಯಾಗ ಐದು ಮೀನು ಹೋದವು, ಒಂದೇ ರಾತ್ರಿ. ಅವು ಯಾಕ ಹೋದವು ಅನ್ನೋದು ತಿಳ್ಕೊಳ್ಳಿಕ್ಕೆ ನನಗ ಭಾಳ ದಿವಸ ಬೇಕಾಯ್ತು. ಈಗ ತಿಳಿದಿರೋದು ಇಷ್ಟ: ಈ ಹವ್ಯಾಸದಾಗ ನಾವು ಸಾಕೋದು ಮೀನು ಅಲ್ಲ, ನೀರು. ಉಪ್ಪು, ಶಾಖ, ಗಾಳಿ ಮೂರೂ ಇವತ್ತು ಹೆಂಗ ಅವಲ್ಲ ನಾಳೆನೂ ಹಂಗೇ ಇದ್ರ ಮೀನು ತಾನಾಗೇ ಬದುಕ್ತದ.

ಮೊದಲು ಹವಳದ ಮಾತು ಮುಗಿಸಿಬಿಡೋಣ

ರೀಫ್ ಟ್ಯಾಂಕ್, ಅಂದ್ರ ಹವಳದ ದಿಬ್ಬದಂಥ ಟ್ಯಾಂಕ್, ಅಂದ ಕೂಡ್ಲೆ ಎಲ್ಲಾರ ಕಣ್ಣ ಮುಂದ ಬಣ್ಣಬಣ್ಣದ ಹವಳ ಬರ್ತಾವ. ಆದ್ರ ನಮ್ಮ ದೇಶದಾಗ ದಿಬ್ಬ ಕಟ್ಟೋ ಗಟ್ಟಿ ಹವಳ ಎಲ್ಲಾನೂ, ಅದರ ಜೊತಿಗೆ ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನಾಗ 2001ರಾಗೇ ಸೇರ್ಯಾವ. ಹುಲಿಗೆ ಯಾವ ಶೆಡ್ಯೂಲೋ ಹವಳಕ್ಕೂ ಅದೇ. ಕಡಲಕುದುರಿನೂ ಸಂರಕ್ಷಿತ ಪ್ರಾಣಿನೇ. ಯಾರೋ ವಾಟ್ಸಾಪ್‌ನಾಗ ಫೋಟೋ ಕಳಿಸಿ ಬಿಲ್ ಇಲ್ದ ಹವಳದ ತುಂಡು ಕೊಡ್ತೀನಿ ಅಂದ್ರ ತಗೋಬ್ಯಾಡ್ರಿ. ಹೊರದೇಶದಿಂದ ಕಾಗದಪತ್ರ ಸಮೇತ ಬಂದದ್ದು ಅಂತ ಹೇಳಿದ್ರೂ ದುಡ್ಡು ಕೊಡೋಕಿಂತ ಮೊದಲು ಆ ಕಾಗದ ತಗೊಂಡು ಅರಣ್ಯ ಇಲಾಖೆ ಕಚೇರ್ಯಾಗ ಒಂದು ಮಾತು ಕೇಳ್ರಿ. ‘ಲೈವ್ ರಾಕ್’ ಅಂತ ಮಾರೋದೂ ಭಾಳ ಸಲ ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲೇ ಆಗಿರ್ತದ, ಅದೂ ಬ್ಯಾಡ.

ನನಗ ಹವಳ ನೋಡಬೇಕು ಅನ್ನಿಸಿದಾಗ ಮುರುಡೇಶ್ವರಕ್ಕ ಹೋಗಿ ನೇತ್ರಾಣಿ ದ್ವೀಪದ ಹತ್ರ ಡೈವ್ ಮಾಡಿ ಬಂದೆ. ನಮ್ಮ ಕರ್ನಾಟಕದಾಗೇ ಹವಳ ಅದ ಅಂತ ಆವತ್ತೇ ನಂಗೂ ಗೊತ್ತಾಗಿದ್ದು. ಅದು ಅಲ್ಲೇ ಇರ್ಲಿ. ಮನ್ಯಾಗ ಮನುಷ್ಯಾರು ಮಾಡಿದ ರೀಫ್ ರಾಕ್, ಅದರ ಮ್ಯಾಲ ತಾನಾಗೇ ಬೆಳೆಯೋ ನೇರಳೆ ಬಣ್ಣದ ಕೋರಲೈನ್ ಪಾಚಿ, ಫಾರ್ಮಿನಾಗ ಹುಟ್ಟಿದ ಕ್ಲೌನ್ ಮೀನು, ಒಂದು ಸೀಗಡಿ, ನಾಕು ಬಸವನಹುಳ. ಇಷ್ಟಿದ್ರ ಸಂಜಿಮುಂದ ಕುಂತು ನೋಡಿದ್ರ ಕಣ್ಣು ಕೀಳಂಗಿಲ್ಲ.

ಜಾಗ, ತೂಕ, ಗಾಜು

ಸಣ್ಣದರಿಂದ ಶುರು ಮಾಡೋಣ ಅಂತ ಎಲ್ಲಾರೂ ಒಂದೂವರೆ ಅಡಿ ಟ್ಯಾಂಕ್ ತಗೋತಾರ, ನಮ್ಮ ಊರಿಗೆ ಅದೇ ದೊಡ್ಡ ತಪ್ಪು. ನೀರು ಕಡಿಮಿ ಇದ್ದಷ್ಟು ಲಗೂನ ಕಾಯ್ತದ, ಲಗೂನ ಉಪ್ಪೇರ್ತದ, ಲಗೂನ ಕೆಡ್ತದ. ಮೂರಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ ಇಟ್ಟುಕೊಳ್ರಿ, ಹತ್ರಹತ್ರ 190 ಲೀಟರ್ ಹಿಡೀತದ. ಗಾಜು 10 ಎಂಎಂ ಹಾಕಿಸ್ರಿ. ನೀರೇ 190 ಕಿಲೋದ ಮ್ಯಾಲ, ಗಾಜು ಕಲ್ಲು ಸ್ಟ್ಯಾಂಡ್ ಎಲ್ಲಾ ಸೇರಿ 300 ಕಿಲೋ ಹತ್ರ ಹೋಗ್ತದ. ಆರ್‌ಸಿಸಿ ಮನಿ ಇದ್ರ ಗ್ವಾಡಿಗೆ ಹತ್ತಿ, ಬೀಮ್ ಇರೋ ಕಡೆ ಇಡ್ರಿ. ಹಳೇ ಮಣ್ಣಿನ ಮಾಳಿಗಿ ಮನ್ಯಾಗ ಮ್ಯಾಲಿನ ಅಂತಸ್ತಿನಾಗ ಇಡೋ ವಿಚಾರನೇ ಬ್ಯಾಡ. ಕೆಳಗಿನ ಮನ್ಯಾಗ ಶಹಾಬಾದ್ ಪರಸಿ ಹಾಸಿದ್ರ ಕಲ್ಲು ಕಲ್ಲಿಗೆ ಏರಿಳಿತ ಇರ್ತದ, ಮಟ್ಟಗೋಲು ಇಟ್ಟು ನೋಡ್ರಿ, ಒಂದು ಮೂಲಿ ಎರಡು ಎಂಎಂ ಇಳಿದಿದ್ರೂ ಗಾಜಿನ ಜೋಡಣಿ ಮ್ಯಾಲ ಭಾರ ಬೀಳ್ತದ. ಸ್ಟ್ಯಾಂಡ್ ಕಬ್ಬಿಣದ್ದಾದ್ರ ಎರಡು ಸಲ ಎಪಾಕ್ಸಿ ಪೇಂಟ್ ಹೊಡಿಸ್ರಿ, ಉಪ್ಪುನೀರು ಸಿಡಿದು ಆರು ತಿಂಗಳಿಗೇ ತುಕ್ಕು ಹಿಡೀತದ.

ಪಡುವಣ ದಿಕ್ಕಿನ ಗ್ವಾಡಿ ಬ್ಯಾಡ. ಮಧ್ಯಾಹ್ನ ಕಾದ ಗ್ವಾಡಿ ರಾತ್ರಿ ಹತ್ತರ ತನಕ ಬಿಸಿ ಬಿಡ್ತಿರ್ತದ, ಕೈ ಇಟ್ಟು ನೋಡ್ರಿ ಗೊತ್ತಾಗ್ತದ. ಕಿಟಕಿ ಬಿಸಿಲು ನೇರ ಬೀಳಬಾರದು. ಅಡಗಿಮನಿ ಒಗ್ಗರಣಿ ಹೊಗಿ, ದೇವರ ಮನಿ ಊದಿನಕಡ್ಡಿ, ಸೊಳ್ಳೆಬತ್ತಿ, ಜಿರಳೆಗೆ ಹೊಡಿಯೋ ಸ್ಪ್ರೇ, ಇವೆಲ್ಲಾ ನೀರಿನಾಗ ಇಳೀತಾವ, ಅದರಾಗೂ ಸ್ಪ್ರೇ ಅಂತೂ ಸೀಗಡಿಗೆ ವಿಷನೇ, ಹುಳ ಕೊಲ್ಲೋ ಔಷಧ ಸೀಗಡಿನೂ ಕೊಲ್ತದ.

ಟ್ಯಾಂಕಿನ ಕೆಳಗ ಒಂದು ಸಂಪ್ ಮಾಡಿಸ್ರಿ ಅಂತ ನಾನು ಒತ್ತಾಯ ಮಾಡೇ ಹೇಳ್ತೀನಿ. ಸಂಪ್ ಅಂದ್ರ ಕೆಳಗಿನ ಇನ್ನೊಂದು ಸಣ್ಣ ಟ್ಯಾಂಕ್, ಮ್ಯಾಲಿಂದ ನೀರು ಇಳಿದು ಅಲ್ಲಿಗೆ ಬಂದು ಪಂಪಿನಿಂದ ವಾಪಸ್ ಮ್ಯಾಲ ಹೋಗ್ತದ. ಒಟ್ಟು ನೀರು ಜಾಸ್ತಿ ಆಗ್ತದ, ಹೊಲಸನ್ನ ನೊರಿ ಮಾಡಿ ತೆಗಿಯೋ ಪ್ರೋಟೀನ್ ಸ್ಕಿಮ್ಮರ್, ಹೀಟರ್ ಎಲ್ಲಾ ಅಲ್ಲೇ ಮುಚ್ಕೊಂಡು ಇಡಬಹುದು. ಆದ್ರ ಕರೆಂಟ್ ಹೋದಾಗ ಮ್ಯಾಲಿನ ನೀರು ಸ್ವಲ್ಪ ಕೆಳಗ ಇಳಿದೇ ಇಳೀತದ, ಅಷ್ಟಕ್ಕ ಸಂಪಿನಾಗ ಖಾಲಿ ಜಾಗ ಬಿಟ್ಟಿರಬೇಕು. ಉಪ್ಪು ಹಾಕೋಕಿಂತ ಮೊದಲು ಸಾದಾ ನೀರು ತುಂಬಿ ಹತ್ತು ಸಲ ಸ್ವಿಚ್ ಆಫ್ ಮಾಡಿ ಆನ್ ಮಾಡಿ ನೋಡ್ರಿ. ಹತ್ತು ಸಲಾನೂ ನೆಲ ಒಣಗೇ ಇತ್ತು ಅಂದ್ರ ಮುಂದ ಹೋಗ್ರಿ.

ನೀರು: ಬೋರ್ ನೀರು ಹಂಗೇ ಹಾಕಂಗಿಲ್ಲ

ನಮ್ಮ ಬೋರ್ ನೀರು ಹೆಂಗದ ಅಂತ ಗೀಸರ್ ಕಾಯಿಲ್ ನೋಡಿದೋರಿಗೆ ಗೊತ್ತು, ವರ್ಷ ತುಂಬೋದ್ರಾಗ ಸುಣ್ಣ ಕಟ್ಟಿರ್ತದ. ಸವಳು, ಅದರ ಜೊತಿಗೆ ಫ್ಲೋರೈಡ್, ನೈಟ್ರೇಟ್. ನಗರದ ನಲ್ಲಿ ನೀರು ನದಿದೇ ಆದ್ರೂ ಅದರಾಗ ಕ್ಲೋರಿನ್ ಇರ್ತದ. ಈ ಎರಡನ್ನೂ ಹಂಗೇ ಹಾಕಿ ಉಪ್ಪು ಕಲಿಸಿದ್ರ ಮೊದಲ ತಿಂಗಳೇ ಪಾಚಿ ಎದ್ದು ಕಲ್ಲೆಲ್ಲಾ ಹಸಿರು ಗಡ್ಡ ಬಿಡ್ತದ.

ಬೇಕಾಗಿರೋದು ಆರ್‌ಒ-ಡಿಐ ನೀರು. ಆರ್‌ಒ ಎಲ್ಲಾರಿಗೂ ಗೊತ್ತು, ಡಿಐ ಅಂದ್ರ ಅದರ ಮುಂದ ಒಂದು ರೆಸಿನ್ ತುಂಬಿದ ಡಬ್ಬಿ, ಆರ್‌ಒದಿಂದ ತಪ್ಪಿಸಿಕೊಂಡು ಬಂದ ಉಳಿದ ಲವಣ ಅದು ಹಿಡ್ಕೋತದ. ಹೊರಗ ಬಂದ ನೀರಿಗೆ, ಕರಗಿದ ಲವಣ ಎಷ್ಟದ ಅಂತ ತೋರ್ಸೋ ಟಿಡಿಎಸ್ ಮೀಟರ್ ಹಿಡಿದ್ರ ಸೊನ್ನೆ ತೋರಿಸಬೇಕು. ಮನ್ಯಾಗ ಕುಡಿಯೋ ನೀರಿನ ಆರ್‌ಒ ಅದ ಅಲ್ಲ ಅಂತ ಕೇಳಬಹುದು. ಅದು ಸಾಲಂಗಿಲ್ಲ, ಯಾಕಂದ್ರ ಕುಡಿಯೋ ಮಿಷನ್ನಿನಾಗ ರುಚಿಗೆ ಅಂತ ಲವಣ ಬೇಕಂತಲೇ ಉಳಿಸಿರ್ತಾರ, ನಮ್ಮ ಮನ್ಯಾಗಿನದು 80 ತೋರಸ್ತದ. ಕಾಯಿನ್ ಹಾಕಿ ಕ್ಯಾನ್ ತುಂಬೋ ಶುದ್ಧ ನೀರಿನ ಘಟಕದ್ದೂ ಅಷ್ಟೇ, ಒಂದು ದಿವಸ ಒಂದು ನಂಬರ್. ಆದ್ರ ಆ ನೀರನ್ನ ತಂದು ಡಿಐ ಡಬ್ಬಿ ಒಳಗಿಂದ ಬಿಟ್ರ ಸೊನ್ನೆ ಬರ್ತದ, ರೆಸಿನ್ ಸ್ವಲ್ಪ ಬೇಗ ಮುಗೀತದ ಅಷ್ಟೇ. ನಾನು ಮೊದಲ ವರ್ಷ ಪೂರ್ತಿ ಹಂಗೇ ನಡಿಸ್ದೆ, ಸೈಕಲ್ ಮ್ಯಾಲ ಎರಡೆರಡು ಕ್ಯಾನ್ ತಂದು.

ಸ್ವಂತ ಆರ್‌ಒ ಹಾಕ್ಸಿದ್ರ ಒಂದು ಲೀಟರ್ ಒಳ್ಳೆ ನೀರಿಗೆ ಮೂರೋ ನಾಕೋ ಲೀಟರ್ ಹೊರಗ ಹೋಗ್ತದ. ಬ್ಯಾಸಗ್ಯಾಗ ನೀರಿಗೆ ಪಾಳಿ ಹಚ್ಚೋ ಊರಿನಾಗ ಅದನ್ನ ಮೋರಿಗೆ ಬಿಡಬ್ಯಾಡ್ರಿ, ಡ್ರಮ್ ಇಟ್ಟು ಹಿಡ್ಕೊಂಡು ಬಟ್ಟಿ ಒಗಿಲಿಕ್ಕೆ, ಅಂಗಳ ತೊಳಿಲಿಕ್ಕೆ ಬಳಸ್ರಿ.

ಇನ್ನೊಂದು ಮಾತು, ನಮ್ಮ ಕಡೆ ಮನಿಮನ್ಯಾಗ ತಾಮ್ರದ ಕೊಡ ಇರ್ತಾವ. ತಾಮ್ರ ಸೀಗಡಿ, ಬಸವನಹುಳ, ಏಡಿಗೆಲ್ಲಾ ಮಾರಿ. ಟ್ಯಾಂಕಿಗೆ ಹೋಗೋ ನೀರು ತಾಮ್ರಕ್ಕ ಹಿತ್ತಾಳಿಗೆ ಮುಟ್ಟಬಾರದು. ಹೊಸ ಪ್ಲಾಸ್ಟಿಕ್ ಬಕೆಟ್ ಎರಡು ತಂದು ‘ಮೀನಿಂದು’ ಅಂತ ಮಾರ್ಕರ್‌ನಿಂದ ಬರೆದು ಇಟ್ಟೀನಿ, ಮನ್ಯಾಗ ಯಾರೂ ಅದರಾಗ ಸೋಪು ಫಿನಾಯಿಲ್ ಹಾಕಂಗಿಲ್ಲ.

ಉಪ್ಪು

ಅಡಗಿ ಉಪ್ಪೂ ಅಲ್ಲ, ಹರಳುಪ್ಪೂ ಅಲ್ಲ. ಸಮುದ್ರದ ನೀರಿನಾಗ ಸೋಡಿಯಂ ಕ್ಲೋರೈಡ್ ಜೊತಿಗೆ ಮೆಗ್ನೀಷಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲಾ ಒಂದು ಲೆಕ್ಕದಾಗ ಇರ್ತಾವ, ಮರೀನ್ ಸಾಲ್ಟ್ ಅಂತ ಬಕೆಟ್‌ನಾಗ ಬರೋದ್ರಾಗ ಅವೆಲ್ಲಾ ಸೇರಿರ್ತಾವ. ಗೋವಾಕ್ಕ ಹೋದಾಗ ಕ್ಯಾನಿನಾಗ ಸಮುದ್ರದ ನೀರೇ ತರ್ತೀನಿ ಅನ್ನೋರೂ ಅದಾರ. ದಂಡಿ ನೀರಿನಾಗ ಊರ ಕೊಳಚಿ, ದೋಣಿ ಎಣ್ಣಿ, ಮಳಿಗಾಲದಾಗ ಹೊಳಿ ನೀರು ಎಲ್ಲಾ ಕೂಡಿರ್ತದ, ಬ್ಯಾಡ್ರಿ.

ಲೀಟರಿಗೆ 35ರಿಂದ 38 ಗ್ರಾಂ ಉಪ್ಪು ಬೀಳ್ತದ, ಅಂದ್ರ 20 ಕಿಲೋ ಬಕೆಟ್ ತಂದ್ರ 550 ಲೀಟರ್ ಆಸುಪಾಸು ನೀರು ಆಗ್ತದ. ಕ್ರಮ ಮರಿಬ್ಯಾಡ್ರಿ: ಮೊದಲು ನೀರು, ಆಮ್ಯಾಲ ಉಪ್ಪು, ಅದೂ ಸ್ವಲ್ಪ ಸ್ವಲ್ಪ, ಪಂಪ್ ಓಡ್ತಿರೋವಾಗ. ಉಪ್ಪು ಮೊದಲು ಸುರಿದು ಅದರ ಮ್ಯಾಲ ನೀರು ಹುಯ್ದ್ರ ಕ್ಯಾಲ್ಸಿಯಂ ಗಟ್ಟಿಯಾಗಿ ಸುಣ್ಣದ ಹಂಗ ಬೆಳ್ಳಗೆ ತಳಕ್ಕ ಕೂಡ್ತದ, ಆ ನೀರು ಚೆಲ್ಲೋದೇ. ಒಂದು ದಿವಸ ಪಂಪ್ ಓಡ್ಲಿ, ನೀರು ಕನ್ನಡಿ ಹಂಗ ತಿಳಿಯಾಗಬೇಕು.

ಉಪ್ಪು ಅಳೀಲಿಕ್ಕೆ ರಿಫ್ರಾಕ್ಟೋಮೀಟರ್ ತಗೋರಿ, ಬೆಳಕು ಬಾಗೋದು ನೋಡಿ ಉಪ್ಪು ಎಷ್ಟದ ಅಂತ ಹೇಳ್ತದ. ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ ಅಗ್ಗ ಸಿಗ್ತದ, ಆದ್ರ ಮುಳ್ಳಿಗೆ ಒಂದು ಗಾಳಿಗುಳ್ಳಿ ಅಂಟಿದ್ರೂ ಸುಳ್ಳು ಹೇಳ್ತದ. 35 ಪಿಪಿಟಿ (ಸಾವಿರ ಭಾಗದಾಗ 35 ಭಾಗ ಉಪ್ಪು), ಅಂದ್ರ ಸಾಂದ್ರತೆ 1.025–1.026 ಬರಬೇಕು. ರಿಫ್ರಾಕ್ಟೋಮೀಟರನ್ನೂ ತಿಂಗಳಿಗೊಮ್ಮೆ 35 ಪಿಪಿಟಿ ಕ್ಯಾಲಿಬ್ರೇಶನ್ ದ್ರಾವಣದಿಂದ ಸರಿ ಮಾಡ್ಕೋಬೇಕು.

ಬಿಸಿಲು

ಈಗ ನಮ್ಮೂರಿನ ನಿಜವಾದ ಕೆಲಸಕ್ಕ ಬಂದ್ವಿ. 24ರಿಂದ 27 ಡಿಗ್ರಿ ಒಳ್ಳೇದು, 28ರ ತನಕ ನಡೀತದ, 30 ದಾಟಿತು ಅಂದ್ರ ಅಪಾಯ. ಮೀನು ಬಿಸಿಗೆ ಸಾಯ್ತದ ಅಂತ ಎಲ್ಲಾರೂ ತಿಳ್ಕೋತಾರ, ಬಿಸಿಗಿಂತ ಮೊದಲು ಅದು ಉಸಿರು ಕಟ್ಟಿ ಸಾಯ್ತದ. ನೀರು ಕಾದಷ್ಟು ಆಕ್ಸಿಜನ್ ಹಿಡಿಯೋ ಶಕ್ತಿ ಕಡಿಮಿ ಆಗ್ತದ, ಉಪ್ಪುನೀರು ಮೊದಲೇ ಸಿಹಿನೀರಿಗಿಂತ ಕಡಿಮಿ ಹಿಡೀತದ, ಅದೇ ಹೊತ್ತಿಗೆ ಮೀನಿನ ಮೈ ಜಾಸ್ತಿ ಆಕ್ಸಿಜನ್ ಕೇಳ್ತದ. ಮೂರೂ ಕೂಡಿದಾಗ ರಾತ್ರಿ ಮೂರು ನಾಕು ತಾಸಿನಾಗ ಮುಗೀತದ. ನನ್ನ ಐದು ಮೀನು ಹೋಗಿದ್ದು ಹಂಗೇ. ನೀರು 31 ಇತ್ತು, ರಾತ್ರಿ ಎರಡಕ್ಕ ಕರೆಂಟ್ ಹೋಗಿ ಪಂಪ್ ನಿಂತಿತ್ತು, ನಾವು ಮಾಳಿಗಿ ಮ್ಯಾಲ ಮಲಗಿದ್ವಿ. ಮುಂಜಾನೆ ಆರಕ್ಕ ಇಳಿದು ಬಂದ್ರ ಎಲ್ಲಾ ಮ್ಯಾಲ ತೇಲ್ತಿದ್ದವು. ನನ್ನ ಮಗಳು ಎರಡು ದಿವಸ ಆ ಹಾಲಿಗೇ ಬರ್ಲಿಲ್ಲ.

ತಂಪು ಮಾಡೋದಕ್ಕ ನಮ್ಮ ಹಿರ್ಯಾರು ತೋರ್ಸಿದ ದಾರಿನೇ ಮೊದಲು. ಮಣ್ಣಿನ ಗಡಗಿ ನೀರು ಯಾಕ ತಂಪಿರ್ತದ? ಗಡಗಿ ಮೈಯಿಂದ ನೀರು ಆವಿಯಾಗಿ ಹೋಗೋವಾಗ ಒಳಗಿನ ಶಾಖ ತಗೊಂಡು ಹೋಗ್ತದ. ಟ್ಯಾಂಕಿನ ನೀರಿನ ಮ್ಯಾಲ ಗಾಳಿ ಬೀಸಂಗ ಎರಡು ಸಣ್ಣ ಫ್ಯಾನ್ ಓರೆಯಾಗಿ ಕೂಡ್ಸಿದ್ರ ಅದೇ ಕೆಲಸ ಆಗ್ತದ. ಮಂಗಳೂರು ಚೆನ್ನೈ ಕಡೆ ಗಾಳ್ಯಾಗೇ ನೀರಿನಂಶ ಜಾಸ್ತಿ, ಅಲ್ಲಿ ಫ್ಯಾನಿನಿಂದ ಒಂದೋ ಎರಡೋ ಡಿಗ್ರಿ ಇಳಿದ್ರ ಹೆಚ್ಚು. ನಮ್ಮದು ಒಣ ಬಿಸಿಲು, ನಮ್ಮ ಮನ್ಯಾಗ ರೂಮು 36 ಇದ್ದಾಗ ಫ್ಯಾನ್ ಹಚ್ಚಿದ್ರ ನೀರು 29ಕ್ಕ ನಿಂತದ. ಇದೊಂದು ವಿಷಯದಾಗ ರಾಯಚೂರು ಬಿಸಿಲು ನಮಗ ಸಹಾಯನೇ ಮಾಡ್ತದ.

ಆದ್ರ ಎರಡು ಎಚ್ಚರಿಕಿ. ಬ್ಯಾಸಗ್ಯಾಗ ಎಲ್ಲಾರ ಮನ್ಯಾಗೂ ಡೆಸರ್ಟ್ ಕೂಲರ್ ಓಡ್ತದ. ಕಿಟಕಿ ಮುಚ್ಚಿ ಕೂಲರ್ ಓಡ್ಸಿದ್ರ ರೂಮಿನಾಗ ತೇವ ತುಂಬಿ ಟ್ಯಾಂಕಿನ ಫ್ಯಾನ್ ಕೆಲಸ ಮಾಡೋದು ನಿಂತುಬಿಡ್ತದ. ಕೂಲರ್ ಓಡ್ಸೋದಾದ್ರ ಎದುರಿನ ಕಿಟಕಿ ತೆರೆದೇ ಇಡ್ರಿ, ಗಾಳಿ ಹೊರಗ ಹೋಗ್ಲಿ. ಎರಡನೇದು, ಆವಿಯಾಗಿ ಹೋಗೋದು ನೀರು ಮಾತ್ರ, ಉಪ್ಪು ಒಳಗೇ ಉಳೀತದ. ಮೇ ತಿಂಗಳದಾಗ ನಮ್ಮ ಟ್ಯಾಂಕಿನಿಂದ ದಿನಕ್ಕ ನಾಲ್ಕೈದು ಲೀಟರ್ ಹೋಗ್ತದ. ಎರಡು ದಿವಸ ಬಿಟ್ರ ಉಪ್ಪಿನ ಅಳತಿನೇ ಮ್ಯಾಲ ಏರಿಬಿಡ್ತದ. ಹೋದಷ್ಟು ನೀರು ತುಂಬೋವಾಗ ಸಾದಾ ಆರ್‌ಒ-ಡಿಐ ನೀರೇ ಹಾಕಬೇಕು, ಉಪ್ಪುನೀರು ಹಾಕಿದ್ರ ಉಪ್ಪಿನ ಮ್ಯಾಲ ಉಪ್ಪು ಕೂಡ್ತದ. ಹೊಸಬರು ಭಾಳ ಜನ ಇಲ್ಲೇ ತಪ್ತಾರ. ದುಡ್ಡು ಇದ್ರ ಆಟೋ ಟಾಪ್-ಆಫ್ ಅಂತ ಒಂದು ಸೆನ್ಸರ್ ಬರ್ತದ, ನೀರು ಇಳಿದಂಗ ತಾನೇ ತುಂಬ್ತದ. ನಾನಂತೂ ಲೈಟಿಗೆ ಹಾಕೋ ದುಡ್ಡಿನಾಗ ಕಡಿಮಿ ಮಾಡಿ ಇದಕ್ಕ ಹಾಕ್ರಿ ಅಂತೀನಿ.

ಏಪ್ರಿಲ್ ಮೇ ಎರಡು ತಿಂಗಳು ಫ್ಯಾನ್ ಒಂದೇ ಸಾಲಂಗಿಲ್ಲ. ಎಸಿ ಇರೋ ರೂಮಿದ್ರ ಟ್ಯಾಂಕ್ ಅಲ್ಲೇ ಇಡ್ರಿ, ಎಲ್ಲಾಕ್ಕಿಂತ ಸಸಾರ. ಇಲ್ಲಂದ್ರ ಚಿಲ್ಲರ್ ಬೇಕು. ಚಿಲ್ಲರ್ ಅನ್ನೋದು ಸಣ್ಣ ಫ್ರಿಜ್ ಇದ್ದಂಗ, ನೀರಿನ ಶಾಖ ತೆಗೆದು ರೂಮಿಗೆ ಬಿಡ್ತದ. ಸ್ಟ್ಯಾಂಡಿನ ಒಳಗ ಬಾಗಿಲು ಹಾಕಿ ಇಟ್ರ ತನ್ನ ಬಿಸಿ ತಾನೇ ಕುಡಿದು ಕೆಟ್ಟು ಹೋಗ್ತದ. ಪೈಪ್ ಉದ್ದ ಮಾಡಿ ಕಿಟಕಿ ಹತ್ರ, ಗಾಳಿ ಆಡೋ ಕಡೆ ಇಡ್ರಿ. ನೀರಿನ ಬಾಟ್ಲಿ ಬರ್ಫ್ ಮಾಡಿ ಸಂಪಿನಾಗ ಬಿಡೋದು ಆಪತ್ತಿಗೆ ಮಾತ್ರ, ಬಾಟ್ಲಿ ಮುಚ್ಚಳ ಬಿಗಿ ಇರ್ಲಿ, ಒಂದು ತಾಸಿಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಸಬ್ಯಾಡ್ರಿ. ಏರಿಳಿತ ಮೀನಿಗೆ ಬಿಸಿಗಿಂತ ಕೆಟ್ಟದ್ದು.

ಡಿಸೆಂಬರ್ ಜನವರಿ ಥಂಡಿಗೆ 100 ವ್ಯಾಟಿನ ಒಂದು ಹೀಟರ್ ಇಟ್ಟಿರ್ರಿ.

ಕರೆಂಟ್

ಮೊದಲು ಜೀವದ ಮಾತು. ಉಪ್ಪುನೀರಿನಾಗ ಕರೆಂಟ್ ಸರಾಗ ಹರೀತದ. ಟ್ಯಾಂಕಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನೇ ಲೈನ್ ಕಡಿಯೋ ಸ್ವಿಚ್) ಹಾಕಿಸ್ರಿ, ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಹಚ್ಚಬ್ಯಾಡ್ರಿ. ಪ್ರತಿ ವೈರು ಸಾಕೆಟ್ಟಿಗೆ ಹೋಗೋಕಿಂತ ಮೊದಲು ಕೆಳಗ ಜೋಲಿ ಬಿದ್ದಿರಬೇಕು, ಹನಿ ಇಳಿದ್ರ ನೆಲಕ್ಕ ಬೀಳಬೇಕು, ಸಾಕೆಟ್ಟಿಗೆ ಅಲ್ಲ. ಕೈ ಹಾಕೋವಾಗ ಎಲ್ಲಾ ಆಫ್.

ಕರೆಂಟ್ ಹೋದಾಗ ಎಲ್ಲಾನೂ ಓಡಬೇಕಂತಿಲ್ಲ, ನೀರು ಅಲ್ಲಾಡಿದ್ರ ಸಾಕು. ಮನಿ ಇನ್ವರ್ಟರ್ ಲೈನಿಗೆ ವೇವ್‌ಮೇಕರ್ (ನೀರು ಅಲ್ಲಾಡ್ಸೋ ಸಣ್ಣ ಪಂಪ್) ಒಂದೇ ಹಚ್ಚಿ ಬಿಡ್ರಿ. ಹತ್ತಿಪ್ಪತ್ತು ವ್ಯಾಟ್ ಎಳೀತದ, 150 ಎಎಚ್ ಬ್ಯಾಟರಿ ಇದ್ರ ಒಂದು ರಾತ್ರಿ ಆರಾಮ ದಾಟ್ತದ. ಲೈಟು, ಚಿಲ್ಲರ್, ಹೀಟರ್ ಇನ್ವರ್ಟರ್ ಮ್ಯಾಲ ಬ್ಯಾಡ. ಇನ್ವರ್ಟರ್ ಇಲ್ದೋರು ಬ್ಯಾಟರಿ ಏರ್ ಪಂಪ್ ತಗೋರಿ, ಕರೆಂಟ್ ಹೋದ ಕೂಡ್ಲೆ ತಾನೇ ಶುರು ಆಗೋದು ಬರ್ತದ, ಅಂಥದ್ದೇ ತಗೋರಿ. ಆ ರಾತ್ರಿ ನಮ್ಮ ಮನ್ಯಾಗ ಇದೊಂದು ಇದ್ದಿದ್ರ ಮೀನು ಉಳೀತಿದ್ದವು.

ಕಲ್ಲು, ಉಸುಕು, ಆಮ್ಯಾಲ ಬರೀ ಕಾಯೋದು

190 ಲೀಟರಿಗೆ 15 ಕಿಲೋ ಹತ್ರ ಒಣ ರೀಫ್ ರಾಕ್ ಸಾಕು. ಗಾಜಿನ ತಳದ ಮ್ಯಾಲ ಮೊದಲು ಕಲ್ಲು ಕೂಡ್ರಿಸಿ ಆಮ್ಯಾಲ ಸುತ್ತ ಉಸುಕು ಹಾಕ್ರಿ. ಉಸುಕಿನ ಮ್ಯಾಲ ಕಲ್ಲು ಇಟ್ರ ಗೋಬಿ ಮೀನು, ಪಿಸ್ತೂಲ್ ಸೀಗಡಿ ಕೆಳಗ ಬಿಲ ತೋಡಿ ಕಲ್ಲು ಕುಸೀತದ. ಕಲ್ಲನ್ನ ಹಿಂದಿನ ಗಾಜಿಗೆ ಒತ್ತಬ್ಯಾಡ್ರಿ, ನೀರು ಸುತ್ತಾಡಬೇಕು. ಉಸುಕು ಅಂದ್ರ ಅರಾಗೊನೈಟ್, ಅಂದ್ರ ಸುಣ್ಣದ ಅಂಶದ ಉಸುಕು, ಒಂದಿಂಚು. ತುಂಗಭದ್ರಾ ಉಸುಕು ನಮ್ಮ ಕಡೆನೇ ಸಿಗ್ತದ ಖರೆ, ಅದು ಈ ಟ್ಯಾಂಕಿಗಲ್ಲ.

ಈಗ ಸೈಕ್ಲಿಂಗ್. ಮೀನು ಮೈಯಿಂದ ಬಿಡೋ ಹೊಲಸು, ಉಳಿದ ಊಟ ಕೊಳೆತದ್ದು ಎಲ್ಲಾ ಅಮೋನಿಯಾ ಆಗ್ತದ, ಅದು ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತದ, ಇನ್ನೊಂದು ಜಾತಿ ನೈಟ್ರೈಟನ್ನ ನೈಟ್ರೇಟ್ ಮಾಡ್ತದ, ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ನೀರು ಬದಲಿ ಮಾಡಿ ತೆಗಿಬಹುದು. ಈ ಬ್ಯಾಕ್ಟೀರಿಯಾ ಕಲ್ಲಿನ ತೂತುತೂತಿನಾಗ ಮನಿ ಮಾಡಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ಮೊಸರಿಗೆ ಹೆಪ್ಪು ಹಾಕಿ ತಾಸಿಗೊಮ್ಮೆ ಅಲ್ಲಾಡ್ಸಿದ್ರ ಮೊಸರು ಆಗಂಗಿಲ್ಲಲ್ಲ, ಇದೂ ಹಂಗ. ಬಾಟ್ಲಿ ಬ್ಯಾಕ್ಟೀರಿಯಾ ಸುರೀರಿ, ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷದಾಗ ಎರಡು ಭಾಗ) ತನಕ ತರ್ರಿ, ಅದು ಸಿಗದಿದ್ರ ಒಂದು ಹಸಿ ಸೀಗಡಿ ತುಂಡು ಬಟ್ಟ್ಯಾಗ ಕಟ್ಟಿ ಬಿಡ್ರಿ. ಲೈಟ್ ಹಚ್ಚಬ್ಯಾಡ್ರಿ. ಎರಡು ದಿವಸಕ್ಕೊಮ್ಮೆ ಟೆಸ್ಟ್ ಕಿಟ್ ಹಿಡಿದು ಬರೆದು ಇಡ್ರಿ. ಮೊದಲು ಅಮೋನಿಯಾ ಏರ್ತದ, ಅದು ಇಳಿಯೋವಾಗ ನೈಟ್ರೈಟ್ ಏರ್ತದ, ಕೊನಿಗೆ 2 ಪಿಪಿಎಂ ಅಮೋನಿಯಾ ಹಾಕಿದ್ರ ಒಂದು ದಿವಸದಾಗ ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ ಆಗಬೇಕು. ಆವಾಗ ಟ್ಯಾಂಕ್ ತಯಾರ್.

ನನಗ ಮೀನು ಮಾರಿದ ಅಂಗಡಿಯಾತ ಮೂರನೇ ದಿವಸಕ್ಕೇ ಮೀನು ಬಿಡಬಹುದು ಅಂದಿದ್ದ. ನಾನು ನಂಬಿ ಬಿಟ್ಟೆ, ಎರಡು ಡ್ಯಾಮ್ಸೆಲ್ ಮೀನು ವಾರದಾಗ ಹೋದವು. ಆ ನಾಲ್ಕು ವಾರ ಖಾಲಿ ಟ್ಯಾಂಕ್ ನೋಡ್ಕೋತ ಕೂಡೋದು ಎಷ್ಟು ಕಷ್ಟ ಅಂತ ನನಗ ಗೊತ್ತದ, ಬಂದೋರೆಲ್ಲಾ ಮೀನು ಎಲ್ಲಿ ಅಂತ ಕೇಳ್ತಾರ. ಕೇಳ್ಲಿ ಬಿಡ್ರಿ.

ಇದು ಮುಗಿದ ಮ್ಯಾಲ ಕಲ್ಲಿನ ಮ್ಯಾಲ ಕಂದು ಬಣ್ಣದ ಧೂಳಿನಂಥ ಡಯಾಟಮ್ ಬರ್ತದ, ಆಮ್ಯಾಲ ಹಸಿರು ಪಾಚಿ. ಗಾಬರಿ ಬ್ಯಾಡ, ಎಲ್ಲಾರಿಗೂ ಬರ್ತದ. ಇದೇ ಹೊತ್ತಿಗೆ ಪಾಚಿ ತಿನ್ನೋ ಬಸವನಹುಳ ನಾಕೈದು ಬಿಡ್ರಿ, ಅವಕ್ಕ ಊಟ ಸಿಗ್ತದ, ನಿಮಗ ಕಲ್ಲು ಸ್ವಚ್ಛ ಆಗ್ತದ.

ಮೀನು

ಮೊದಲು ಒಂದು ಜೋಡಿ ಓಸೆಲ್ಲಾರಿಸ್ ಕ್ಲೌನ್. ಇವನ್ನ ಫಾರ್ಮಿನಾಗ ಮರಿ ಮಾಡಿಸೋ ವಿದ್ಯೆ ನಮ್ಮ ದೇಶದಾಗೇ ಅದ, ಕೊಚ್ಚಿಯಾಗಿನ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೋರು ಕ್ಲೌನ್ ಮೀನಿನ ಹಲವು ಜಾತಿ ಮೇಲೆ ಕೆಲಸ ಮಾಡ್ಯಾರ. ಫಾರ್ಮಿನ ಮರಿ ಕೇಳಿ ತಗೋರಿ. ಸಮುದ್ರದಿಂದ ಹಿಡಿದು ತಂದ ಮೀನಿಗಿಂತ ಗಟ್ಟಿ ಇರ್ತಾವ, ಒಣ ಊಟ ತಿಂತಾವ, ಸಮುದ್ರನೂ ಖಾಲಿ ಆಗಂಗಿಲ್ಲ. ಎಲ್ಲಾ ಕ್ಲೌನ್ ಮೀನು ಹುಟ್ಟೋವಾಗ ಗಂಡು, ಜೋಡ್ಯಾಗ ದೊಡ್ಡದು ಹೆಣ್ಣಾಗ್ತದ, ಅದಕ್ಕ ಒಂದು ಸಣ್ಣದು ಒಂದು ಸ್ವಲ್ಪ ದೊಡ್ಡದು ಆರಿಸ್ಕೊಂಡ್ರ ಜಗಳ ಕಡಿಮಿ. ಸಮುದ್ರದಾಗ ಇವು ಮನಿ ಮಾಡ್ಕೊಳ್ಳೋ ಹೂವಿನಂಥ ಪ್ರಾಣಿ ಅನಿಮೋನ್, ಅದು ಇಲ್ದೆನೂ ಆರಾಮ ಬದುಕ್ತಾವ, ಅನಿಮೋನ್ ಮೊದಲ ವರ್ಷ ತರಲೇಬ್ಯಾಡ್ರಿ.

ತಿಂಗಳು ಬಿಟ್ಟು ಒಂದು ಗೋಬಿ, ಇನ್ನೊಂದು ತಿಂಗಳು ಬಿಟ್ಟು ಒಂದು ಫೈರ್‌ಫಿಶ್. ಫೈರ್‌ಫಿಶ್ ಜಿಗೀತದ, ಮ್ಯಾಲ ಜಾಳಿಗಿ ಮುಚ್ಚಳ ಬೇಕು, ಗಾಜಿನ ಮುಚ್ಚಳ ಹಾಕಿದ್ರ ಫ್ಯಾನಿನ ಗಾಳಿ ನೀರಿಗೆ ತಾಗಂಗಿಲ್ಲ. ಈ ಗಾತ್ರಕ್ಕ ನಾಲ್ಕೈದು ಸಣ್ಣ ಮೀನು ಸಾಕು. ಮಕ್ಕಳು ನೀಲಿ ಟ್ಯಾಂಗ್ ಬೇಕು ಅಂತ ಹಟ ಹಿಡೀತಾರ, ಅದು ಒಂದಡಿ ತನಕ ಬೆಳಿಯೋ ಮೀನು, ಆರಡಿ ಟ್ಯಾಂಕ್ ಬೇಕು. ಮ್ಯಾಂಡರಿನ್ ಮೀನು ನೋಡ್ಲಿಕ್ಕೆ ಇಳಕಲ್ ಸೀರಿ ಅಂಚಿನಂಗ ಚೆಂದ, ಆದ್ರ ಅದು ತಿನ್ನೋದು ಹೆಚ್ಚಾಗಿ ಜೀವಂತ ಸಣ್ಣ ಹುಳ, ಹೊಸ ಟ್ಯಾಂಕಿನಾಗ ಉಪವಾಸ ಬಿದ್ದು ಸಾಯ್ತದ.

ನಮ್ಮೂರಿಗೆ ಮೀನು ಬರೋದು ಹೈದರಾಬಾದ್, ಬೆಂಗಳೂರು, ಚೆನ್ನೈದಿಂದ ರಾತ್ರಿ ಬಸ್ಸಿನಾಗೋ ರೈಲಿನಾಗೋ. ಥರ್ಮೋಕೋಲ್ ಡಬ್ಬಿ, ಆಕ್ಸಿಜನ್ ತುಂಬಿದ ಚೀಲ. ಮಾರ್ಚ್ ಕಡೀದಿಂದ ಜೂನ್ ಮಳಿ ಬರೋ ತನಕ ತರಿಸಬ್ಯಾಡ್ರಿ, ಬಸ್ ಸ್ಟ್ಯಾಂಡಿನಾಗ ಅರ್ಧ ತಾಸು ಬಿಸಿಲಿಗೆ ಕುಂತ್ರ ಮುಗೀತು. ಮನಿಗೆ ತಂದ ಮ್ಯಾಲ ಚೀಲ ಮುಚ್ಚಿದ್ದು ಮುಚ್ಚಿದಂಗೇ 15–20 ನಿಮಿಷ ತೇಲಿಸ್ರಿ. ಹನಿಹನಿ ನೀರು ಬಿಟ್ಟು ಎರಡು ತಾಸು ಹೊಂದಿಸ್ರಿ ಅಂತ ಭಾಳ ಜನ ಹೇಳ್ತಾರ, ಲೋಕಲ್ ಅಂಗಡಿ ಮೀನಿಗೆ ಅದು ಸರಿ, ರಾತ್ರಿಯೆಲ್ಲಾ ಚೀಲದಾಗ ಬಂದ ಮೀನಿಗೆ ಅದು ಸರಿ ಅಲ್ಲ. ಮುಚ್ಚಿದ ಚೀಲದಾಗ ಮೀನಿನ ಉಸಿರಿನಿಂದ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತಿ) ಇಳಿದಿರ್ತದ, ಅದರಿಂದ ಅಮೋನಿಯಾದ ವಿಷ ಕಡಿಮಿ ಇರ್ತದ. ಚೀಲ ಬಿಚ್ಚಿದ ಕೂಡ್ಲೆ ಪಿಎಚ್ ಏರಿ ಅದೇ ಅಮೋನಿಯಾ ಮೀನನ್ನ ಸುಡ್ತದ. ಅದಕ್ಕ ಮಾರೋರಿಗೆ ಮೊದಲೇ ಅವರ ನೀರಿನ ಉಪ್ಪಿನ ಅಳತಿ ಕೇಳಿ, ನಿಮ್ಮ ಕ್ವಾರಂಟೈನ್ ನೀರನ್ನ ಅಷ್ಟಕ್ಕೇ ತಂದಿಟ್ಟುಕೊಂಡು, ಚೀಲ ಬಿಚ್ಚಿ ಲಗೂನ ಮೀನನ್ನ ಮಾತ್ರ ಎತ್ತಿ ಬಿಡ್ರಿ. ಚೀಲದ ನೀರು ಮೋರಿಗೆ.

ಕ್ವಾರಂಟೈನ್ ಅಂದೆನಲ್ಲ, ಒಂದು 40 ಲೀಟರಿನ ಬರೀ ಟ್ಯಾಂಕ್, ಒಂದು ಸ್ಪಾಂಜ್ ಫಿಲ್ಟರ್, ಅಡಗಲಿಕ್ಕೆ ಪಿವಿಸಿ ಪೈಪಿನ ತುಂಡು. ನಾಲ್ಕು ವಾರ ಅಲ್ಲಿಟ್ಟು ನೋಡ್ರಿ. ಮೈಮ್ಯಾಲ ಉಪ್ಪು ಉದುರ್ಸಿದಂಗ ಬಿಳಿ ಚುಕ್ಕಿ ಬಂದ್ರ ಅದು ಮರೀನ್ ಇಚ್ ಅನ್ನೋ ಪರಾವಲಂಬಿ ರೋಗ, ಔಷಧ ಅಲ್ಲೇ ಕೊಡಬಹುದು. ಅದು ದೊಡ್ಡ ಟ್ಯಾಂಕಿಗೆ ಹೋಯ್ತಂದ್ರ ಎಲ್ಲಾ ಮೀನು ಹೊರಗ ತೆಗೆದು ಎರಡೂವರೆ ತಿಂಗಳು ಟ್ಯಾಂಕ್ ಖಾಲಿ ಬಿಡಬೇಕಾಗ್ತದ. ತಾಮ್ರದ ಔಷಧ ಅಂತೂ ಕಲ್ಲಿರೋ ಟ್ಯಾಂಕಿಗೆ ಯಾವತ್ತೂ ಬ್ಯಾಡ, ಕಲ್ಲು ಹೀರ್ಕೊಂಡು ಆಮ್ಯಾಲ ಬಿಡ್ತಾ ಇರ್ತದ.

ದಿನದ ಕೆಲಸ

ಮುಂಜಾನೆ ಚಾ ಕುಡಿಯೋವಾಗ ಥರ್ಮಾಮೀಟರ್ ನೋಡ್ರಿ, ಮೀನು ಎಣಿಸ್ರಿ, ನೀರು ಇಳಿದಷ್ಟು ತುಂಬ್ರಿ, ಎರಡು ನಿಮಿಷದಾಗ ತಿಂದು ಮುಗಿಸೋವಷ್ಟು ಊಟ ಹಾಕ್ರಿ. ಕೈಗೆ ತಲಿ ಎಣ್ಣಿ, ಸೋಪು ಹತ್ತಿರಬಾರದು. ಸ್ಕಿಮ್ಮರ್ ಕಪ್ ಎರಡು ಮೂರು ದಿವಸಕ್ಕೊಮ್ಮೆ ತೊಳೀರಿ. ವಾರಕ್ಕೊಮ್ಮೆ 20 ಲೀಟರ್ ತೆಗೆದು ಅಷ್ಟೇ ಹೊಸ ಉಪ್ಪುನೀರು, ಅದೇ ಶಾಖ ಅದೇ ಉಪ್ಪು ನೋಡಿ ಹಾಕ್ರಿ. ಲೈಟ್ ಎಂಟು ತಾಸು ಸಾಕು, ಟೈಮರ್ ಹಚ್ಚಿ ಬಿಡ್ರಿ.

ಖರ್ಚು ಎಷ್ಟು ಅಂತ ಎಲ್ಲಾರೂ ಕೇಳ್ತಾರ. ಚಿಲ್ಲರ್ ಸೇರಿಸಿದ್ರ ಒಂದು ಒಳ್ಳೆ ಸೆಕೆಂಡ್‌ಹ್ಯಾಂಡ್ ಬೈಕಿನಷ್ಟು ಆಗ್ತದ, ಅದರಾಗ ಮೀನಿಗೆ ಹೋಗೋದು ಭಾಳ ಕಡಿಮಿ, ನೀರಿಗೇ ಎಲ್ಲಾ. ಒಮ್ಮೆಲೆ ಆಗದಿದ್ರ ಜೂನ್‌ನಾಗ ಟ್ಯಾಂಕ್ ಸ್ಟ್ಯಾಂಡ್, ಜುಲೈದಾಗ ಆರ್‌ಒ-ಡಿಐ ಉಪ್ಪು ಕಲ್ಲು, ಆಗಸ್ಟ್ ಸೆಪ್ಟೆಂಬರ್ ಸೈಕ್ಲಿಂಗ್, ಆ ಹೊತ್ತಿಗೇ ಎರಡು ಕ್ಲೌನ್ ತಂದು ಕ್ವಾರಂಟೈನಿನಾಗ ಇಟ್ರ ದೀಪಾವಳಿಗೆ ದೊಡ್ಡ ಟ್ಯಾಂಕಿನಾಗ ಇರ್ತಾವ. ಚಿಲ್ಲರ್ ಫೆಬ್ರುವರಿ ಒಳಗ ಬಂದ್ರ ಆಯ್ತು, ಆದ್ರ ಫೆಬ್ರುವರಿ ದಾಟಬಾರದು.

ಊರಿಗೆ ಹೋಗೋದಿದ್ರ, ಮದುವಿ ಜಾತ್ರಿ ಅಂತ ನಾಕು ದಿವಸ, ಬಾಜೂ ಮನ್ಯಾರಿಗೆ ಊಟದ ಡಬ್ಬಿ ಕೊಟ್ಟು ಹೋಗಬ್ಯಾಡ್ರಿ, ಪ್ರೀತಿಯಿಂದ ಡಬ್ಬಿ ಅರ್ಧ ಸುರಿದುಬಿಡ್ತಾರ. ದಿನಕ್ಕೊಂದು ಚೀಟಿ ಕಟ್ಟಿ, ಚೀಟಿ ಮ್ಯಾಲ ವಾರ ಬರೆದು ಕೊಡ್ರಿ. ಟಾಪ್-ಆಫ್ ನೀರಿನ ಕ್ಯಾನ್ ತುಂಬಿ ಪಕ್ಕಕ್ಕೇ ಇಡ್ರಿ, ಗಾಜಿನ ಮ್ಯಾಲ ಮಾರ್ಕರ್‌ನಿಂದ ಒಂದು ಗೆರಿ ಎಳೆದು ಇಲ್ಲಿ ತನಕ ತುಂಬಕ್ಕಾ ಅಂತ ಹೇಳಿ ಹೋಗ್ರಿ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಇದ್ದದ್ದೂ ನೋಡ್ಕೋರಿ.